ಕೂಗುಬಂಡೆಯ ನೆಂಟರು

ಹೆಬ್ಬಂಡೆಪಾಳ್ಯ,
ಕಲ್ಯ ಅಂಚೆ, ಮಾಗಡಿ ತಾಲ್ಲೂಕು
14-11-2007

ಶ್ರೀಮತಿ ಅಕ್ಬರಿ ಬೇಗಂ ಅವರಿಗೆ,

ನಾನು ಮರಿಯಪ್ಪನವರ ಹೆಂಡತಿ ಚಿಕ್ಕಲಕ್ಷ್ಮಮ್ಮ. ಹೆಬ್ಬಂಡೆ ಕಲ್ಲುಗಣಿಯ ಸಾಲುಮನೆಯಲ್ಲಿ ನಿಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡು ಹದಿನೈದು ವರ್ಷ ಇದ್ದವಳು. ನೆನಪಿದ್ದರೆ ಸರಿ, ಇಲ್ಲದಿದ್ದರೆ ಮುಂದೆ ಓದಿ, ತಾನಾಗಿ ಬರುತ್ತದೆ. ಬೈರಾಪಟ್ಟಣದ ನನ್ನ ತಮ್ಮ ಮಗುವಿಗೆ ಗೊಂಬೆ ಕೊಳ್ಳಲು ಚನ್ನಪಟ್ಟಣದ ಅಂಗಡಿಗೆ ಹೋಗಿದ್ದಾಗ ಅದು ನಿಮ್ಮ ಮಗನದೇ ಅಂಗಡಿ ಎಂದು ಗೊತ್ತಾಯಿತಂತೆ. ವಿಳಾಸ ಅವನು ಕೊಟ್ಟ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಿಮ್ಮ ಮನೆಯಲ್ಲೂ ಹಾಗೇ ಇರಲಿ.

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ. ಇಲ್ಲದಿದ್ದರೆ ಈ ‘ಶ್ರೀಮತಿ’, ಈ ‘ನೀವು’ ಎಲ್ಲ ನನ್ನ ಬಾಯಲ್ಲಿ ಯಾಕೆ ಬರುತ್ತಿತ್ತು?

ಗಣಿ ಮುಚ್ಚಿದ ಮೇಲೆ ಮದ್ದು ಇಡುತ್ತಿದ್ದ ಕಲ್ಲುಕೋಣೆ ಹಾಳು ಬಿದ್ದಿತ್ತು, ಬಾವಲಿ ಮನೆ ಮಾಡಿಕೊಂಡಿದ್ದವು. ಅದನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ಮಾಡಿದವನು ಬೋರಲಿಂಗಯ್ಯ, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿ ರಿಟೈರ್ ಆದವನು. ಕೋಲಾರದ ಕಡೆ ಚಿನ್ನದ ಗಣಿ ಮುಚ್ಚಿದ ಊರಿಗೆ ಮಗಳನ್ನು ಕೊಟ್ಟಿದ್ದಾನೆ. ಅಲ್ಲಿ ಯಾರೋ ಒಂದು ಕೋಣೆಯಲ್ಲಿ ಹಳೇ ಲಾಟೀನು, ಟೋಪಿ ಜೋಡಿಸಿಟ್ಟಿದ್ದನ್ನು ನೋಡಿ ಬಂದ. ಬಂದವನು, ‘ಅವ್ರು ಚಿನ್ನ ತೆಗುದ್ರು, ನಾವು ಕಲ್ಲು ತೆಗುದ್ವಿ. ನಾವೇನು ಕಮ್ಮಿನಾ?’ ಅಂತ ಮನೆಮನೆ ತಿರುಗಿ ಉಳಿ, ಸುತ್ತಿಗೆ, ಹಾರೆ, ಹರಕು ಬುಟ್ಟಿ ಎಲ್ಲ ಒಟ್ಟು ಮಾಡಿದ. ರಾಜ್ಯೋತ್ಸವದ ದಿನ ಬಾಗಿಲು ತೆರೆದ. ಈಗ ನಮ್ಮದು ಹೊಸ ಜಿಲ್ಲೆ ಬೇರೆ ಆಗಿದೆಯಲ್ಲ, ಆ ಹುರುಪು.

ಮೊಮ್ಮಗಳು ಸಿರಿ ಎಳೆದುಕೊಂಡು ಹೋದಳು. ಒಳಗೆ ಕಾಲಿಟ್ಟ ಕೂಡಲೇ ಒಂದು ಸ್ಟೂಲಿನ ಮೇಲೆ ಸೈರನ್ ಕೂತಿದೆ. ಪಕ್ಕದಲ್ಲಿ ಕಾರ್ಡು: ‘ಮದ್ದು ಸಿಡಿಸುವ ಮುನ್ನ ಈ ಸೈರನ್ ಮೊಳಗಿಸಿ ಗ್ರಾಮಸ್ಥರನ್ನು ಎಚ್ಚರಿಸಲಾಗುತ್ತಿತ್ತು.’ ಓದಿ ಮೈ ಉರಿದುಹೋಯಿತು. ಆ ಸೈರನ್ ಬಂದದ್ದು ನೀವು ಊರು ಬಿಟ್ಟ ಮೇಲೆ. ಕರೆಂಟು ಇದ್ದ ದಿನ ಕೂಗುತ್ತಿತ್ತು, ಇಲ್ಲದ ದಿನ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಅದಕ್ಕೆ ಮೊದಲು ಕೂಗುತ್ತಿದ್ದವರು ಯಾರು? ಕೂಗುಬಂಡೆಯ ಮೇಲೆ ನಿಂತು, ಸೆರಗು ಬಿಗಿದು, ಕಲ್ಯದ ಬೆಟ್ಟಕ್ಕೆ ಮುಟ್ಟುವ ಹಾಗೆ ‘ನೆಂಟ್ರು ಬಂದ್ರೂ…’ ಎಂದು ಕೂಗುತ್ತಿದ್ದ ನಿಮ್ಮ ದನಿ ಕಾರ್ಡಿನಲ್ಲಿ ಎಲ್ಲಿದೆ?

ಸಿರಿಗೆ ಬಿಡಿಸಿ ಹೇಳಿದೆ. ಗಣಿಯಲ್ಲಿ ‘ಬೆಂಕಿ’ ಅನ್ನಬಾರದು, ‘ಸಿಡಿ’ ಅನ್ನಬಾರದು, ಹೆಸರಿಟ್ಟು ಕರೆದರೆ ಅದು ಮನೆಗೇ ಬರುತ್ತದೆ ಎಂದು ಹಿರಿಯರ ಮಾತು. ಅದಕ್ಕೇ ಮದ್ದಿಗೆ ‘ನೆಂಟ್ರು’ ಎಂದು ಹೆಸರು. ‘ನೆಂಟ್ರು ಬಂದ್ರು’ ಎಂದು ಕೂಗಿದರೆ ಎಲ್ಲರೂ ಒಳಗೆ ಹೋಗಬೇಕು. ಸಿಡಿದು ಮುಗಿದ ಮೇಲೆ ‘ನೆಂಟ್ರು ಹೊಂಟ್ರು’ ಎಂದು ಕೂಗುವವರೆಗೂ ಯಾರೂ ಹೊರಗೆ ತಲೆ ಹಾಕಬಾರದು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಅವಳು ನಕ್ಕರೆ ನಗಲಿ, ನನ್ನ ಕಥೆ ಗೊತ್ತಾದರೆ ಇನ್ನೂ ನಗುತ್ತಾಳೆ.

ಮದುವೆಯಾಗಿ ಬೈರಾಪಟ್ಟಣದಿಂದ ಬಂದು ಮೂರನೇ ದಿನ ನಾನು. ಅತ್ತೆ ಹಿತ್ತಲಲ್ಲಿದ್ದರು. ‘ನೆಂಟ್ರು ಬಂದ್ರೂ’ ಎಂದು ಕೂಗು ಕೇಳಿತು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆ. ತವರಿನಿಂದ ತಂದ ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿಕೊಂಡು, ಸೆರಗು ಹೊದ್ದು, ನೆಂಟರ ಕಾಲಿಗೆ ನೀರು ಕೊಡಲು ಬೀದಿಗೆ ಓಡಿದೆ. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ನೀವು ಬಂಡೆಯಿಂದ ಹಾರಿ ಬಂದು ನನ್ನನ್ನು ಗೋಡೆಗೆ ಒತ್ತಿ ಹಿಡಿದಿರಿ. ಡಬ್ ಎಂದ ಸದ್ದಿನ ಜೊತೆಗೇ ಒಂದು ಚಕ್ಕೆ ಕಲ್ಲು ಬಂದು ಚೊಂಬಿನ ಹೊಟ್ಟೆಗೆ ಬಡಿಯಿತು. ನನಗೆ ಬಡಿಯಬೇಕಾದದ್ದು. ಅತ್ತೆ ಸಾಲುಮನೆಗೆಲ್ಲ ಕೇಳುವ ಹಾಗೆ, ‘ಮದ್ದಿಗೆ ಕಾಲು ತೊಳ್ಸಕ್ಕೆ ಹೋಗಿದ್ಯೇನಮ್ಮೀ? ನಿಮ್ಮಪ್ಪ ಎಂಥಾ ಪೆದ್ದಿನ ಕಟ್ಬುಟ್ಟ!’ ಎಂದರು. ಆ ಸೊಟ್ಟ ಚೊಂಬು ಕಂಡಾಗಲೆಲ್ಲ ಆಡಿಕೊಳ್ಳುತ್ತಿದ್ದರೆಂದು ನಿಮ್ಮ ಕೈಗೆ ಕೊಟ್ಟು, ‘ಎಲ್ಲಾದ್ರೂ ಮಡಿಕ್ಕೊ ಅಕ್ಕ, ಆದ್ರೆ ಎಸೀಬ್ಯಾಡ’ ಎಂದಿದ್ದೆ.

ಆ ಚೊಂಬು ಇವತ್ತು ಮ್ಯೂಸಿಯಂ ಗಾಜಿನ ಹಿಂದೆ ಕೂತಿದೆ! ಹೊಟ್ಟೆ ಸೊಟ್ಟಗಾಗಿ, ಹಾಗೇ ಇದೆ. ಕಾರ್ಡಿನಲ್ಲಿ ‘ಕಾರ್ಮಿಕರು ನೀರು ಕುಡಿಯುತ್ತಿದ್ದ ಪಾತ್ರೆ’ ಎಂದು ಬರೆದಿದ್ದಾರೆ. ಯಾರು ಕೊಟ್ಟರು ಎಂದರೆ ಬೋರಲಿಂಗಯ್ಯ ಬಾಯಿ ಬಿಡುವುದಿಲ್ಲ. ಹಳೇ ಪಾತ್ರೆಯವನಿಗೆ ಹಾಕಿಬಿಟ್ಟಿರಾ? ಊರು ಬಿಡುವಾಗ ನಮಗೆ ಒಂದು ಮಾತು ಹೇಳದೆ ಹೋದಿರಿ, ಅದನ್ನು ನುಂಗಿಕೊಂಡೆ. ಇದನ್ನು ನುಂಗಲು ಆಗುತ್ತಿಲ್ಲ.

ಇಂತಿ,
ಚಿಕ್ಕಲಕ್ಷ್ಮಮ್ಮ


ಚನ್ನಪಟ್ಟಣ
2-12-2007

ಲಚ್ಚಿ,

‘ಶ್ರೀಮತಿ’ ನೋಡಿ ಬ್ಯಾಂಕಿನವರ ಪತ್ರ ಎಂದುಕೊಂಡು ಎರಡು ದಿನ ಒಡೆಯಲೇ ಇಲ್ಲ. ಒಡೆದ ಮೇಲೆ ಮಗ ಕೇಳಿದ, ‘ಏನಮ್ಮಾ, ಅಳ್ತಿದ್ದೀಯೋ ನಗ್ತಿದ್ದೀಯೋ?’ ಎಂದು. ನನಗೇ ಗೊತ್ತಾಗಲಿಲ್ಲ.

ನಿನ್ನ ಚೊಂಬು ಇಲ್ಲೇ ಇದೆ. ಈಗ ಈ ಪತ್ರ ಬರೆಯುತ್ತಿರುವಾಗ ನನ್ನ ಎದುರಿನ ಗೂಡಿನಲ್ಲಿದೆ. ಗೊಂಬೆಗೆ ಹಚ್ಚುವ ಅರಗಿನ ಕಡ್ಡಿಗಳನ್ನು ಅದರಲ್ಲಿ ನಿಲ್ಲಿಸಿಟ್ಟಿದ್ದೇನೆ, ಕೆಂಪು ಬೇರೆ ಹಳದಿ ಬೇರೆ ಎಂದು. ಹೊಟ್ಟೆಯ ಸೊಟ್ಟಿನಲ್ಲಿ ಸರಿಯಾಗಿ ನನ್ನ ಹೆಬ್ಬೆರಳು ಕೂರುತ್ತದೆ. ತಳದಲ್ಲಿ ನಿನ್ನ ಅಪ್ಪ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರೂ ಹಾಗೇ ಇದೆ: ‘ಚಿ. ಲಕ್ಷ್ಮಮ್ಮ, ಬೈರಾಪಟ್ಟಣ’. ಗಾಜಿನ ಹಿಂದಿನದನ್ನು ನೀನು ತಿರುಗಿಸಿ ನೋಡಿದೆಯಾ? ನೋಡಿರಲಾರೆ. ನಿನಗೆ ಯಾವಾಗಲೂ ಸಿಟ್ಟು ಮೊದಲು ಬರುತ್ತದೆ, ಕಣ್ಣು ಆಮೇಲೆ.

ನೀನು ಪತ್ರ ಬರೆದದ್ದೇ ಒಳ್ಳೆಯದಾಯಿತು. ಫೋನು ಮಾಡಿದ್ದರೆ ನನಗೆ ಗುಂಯ್ ಅನ್ನುವುದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಅಷ್ಟು ವರ್ಷ ಮದ್ದಿನ ಹತ್ತಿರ ನಿಂತದ್ದಕ್ಕೆ ಕಿವಿ ಕೈಕೊಟ್ಟಿವೆ. ಎದುರಿಗೆ ನಿಂತು ಕಿರುಚಿದರೆ ಒಂದಿಷ್ಟು ತಿಳಿಯುತ್ತದೆ. ಮನೆಯ ಮೆಷಿನ್ನಿನ ಸದ್ದೂ ಕೇಳುವುದಿಲ್ಲ. ಮಗ ಹಾಲೆ ಮರದ ತುಂಡು ಸಿಕ್ಕಿಸಿ ತಿರುಗಿಸುವುದನ್ನು ಸುಮ್ಮನೆ ನೋಡುತ್ತಾ ಕೂರುತ್ತೇನೆ. ಗೊಂಬೆ ಸದ್ದಿಲ್ಲದೆ ಹುಟ್ಟುತ್ತದೆ, ಅದೂ ಒಂದು ಚಂದ.

ಇಲ್ಲಿಯೂ ಪೇಟೆಯಲ್ಲಿ ಒಬ್ಬರು ಹಳೇ ಗೊಂಬೆಗಳನ್ನೆಲ್ಲ ಒಂದು ಕೋಣೆಯಲ್ಲಿ ಜೋಡಿಸಿದ್ದಾರೆ. ಹೋಗಿ ನೋಡಿದೆ. ನಾವು ಬಳಸುತ್ತಿದ್ದ ಸಾಮಾನು ಅಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದವು. ಬದುಕಿದ್ದಾಗಲೇ ಫೋಟೋಗೆ ಹಾರ ಹಾಕಿದ ಹಾಗೆ ಅನ್ನಿಸಿ ಎದ್ದು ಬಂದೆ.

ತಮ್ಮ, ಮೊಮ್ಮಗಳು, ಅತ್ತೆ, ಎಲ್ಲರ ವಿಷಯ ಬರೆದಿದ್ದೀಯ. ಮರಿಯಣ್ಣನ ವಿಷಯ ಮಾತ್ರ ಒಂದು ಸಾಲೂ ಇಲ್ಲ. ಕೇಳಲು ನನಗೆ ಬಾಯಿಲ್ಲ.

ನಿನ್ನ
ಅಕ್ಬರಕ್ಕ


ಹೆಬ್ಬಂಡೆಪಾಳ್ಯ
16-12-2007

ಅಕ್ಬರಕ್ಕ,

ಸಿಟ್ಟು ಇಳಿಯಿತು. ‘ನೀವು’ ಹೋಗಿ ‘ನೀನು’ ಬಂತು ನೋಡು.

ನಿನ್ನ ಪತ್ರ ಹಿಡಿದುಕೊಂಡು ಸೀದಾ ಬೋರಲಿಂಗಯ್ಯನ ಹತ್ತಿರ ಹೋಗಿ, ‘ಗಾಜು ತೆಗೆಯಪ್ಪ, ಚೊಂಬಿನ ತಳ ನೋಡಬೇಕು’ ಎಂದೆ. ‘ಮ್ಯೂಸಿಯಂ ವಸ್ತು ಮುಟ್ಟಂಗಿಲ್ಲ’ ಎಂದು ಡ್ರಿಲ್ ಮೇಷ್ಟರ ದನಿ ತೆಗೆದ. ‘ಅದರಲ್ಲಿ ನಮ್ಮ ಎಮ್ಮೆಗೂ ನೀರು ಕುಡಿಸಿರಬಹುದು, ಮುಟ್ಟಂಗಿಲ್ಲ ಅಂತೀಯ?’ ಎಂದು ನಾನೇ ಗಾಜು ಸರಿಸಿದೆ. ತಳ ತಿರುಗಿಸಿದರೆ ಏನಿತ್ತು ಹೇಳು? ‘ಸಿದ್ದಮ್ಮ, ಗುಡೇಮಾರನಹಳ್ಳಿ’.

ನಮ್ಮ ಅತ್ತೆ! ಅವರ ತವರು ಗುಡೇಮಾರನಹಳ್ಳಿ ಎಂದು ನಿನಗೂ ಗೊತ್ತು.

ಮನೆಗೆ ಬಂದೆ. ಅತ್ತೆ ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು. ಎಂಬತ್ತು ದಾಟಿದ್ದರೂ ನಾಲಿಗೆ ಮೊನ್ನೆ ಸಾಣೆ ಹಿಡಿಸಿದ ಹಾಗಿದೆ. ಮೆಲ್ಲಗೆ, ‘ಅತ್ತೆ, ಮ್ಯೂಸಿಯಂನಾಗೆ ಒಂದು ಸೊಟ್ಟ ಚೊಂಬು ಐತೆ’ ಎಂದೆ ಅಷ್ಟೇ.

‘ನಾನೇನು ಓಡ್ಲಿಲ್ಲ’ ಎಂದರು.

‘ನೀವು ಓಡುದ್ರಿ ಅಂತ ಯಾರಂದ್ರು?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸ್ವಲ್ಪ ಹೊತ್ತು ಕುಟ್ಟಾಣಿ ಕುಟ್ಟಿದರು. ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ‘ನಾನೂ ಹೊಸಬಳು ಕಣಮ್ಮಿ. ಕೆರೆ ಕಟ್ಟೆಗೆ ಕಲ್ಲು ಒಡೀತಿದ್ದ ಕಾಲ. ನೆಂಟ್ರು ಬಂದ್ರು ಅಂದ್ರು, ಚೊಂಬು ಎತ್ಕೊಂಡು ಓಡ್ದೆ, ಚಕ್ಕೆ ಬಂದು ಅದ್ಕೇ ಬಡೀತು. ನಿಮ್ಮಾವ ನೋಡ್ಬುಟ್ಟು ಸಾಯೋಗಂಟ ಯಾರ್ಗೂ ಹೇಳ್ನಿಲ್ಲ, ಪುಣ್ಯಾತ್ಮ. ನೀನು ಅಂಗೇ ಓಡ್ದಾಗ ನಂದೂ ಎಲ್ಲಿ ಈಚೆ ಬತ್ತದೋ ಅಂತ ಹೆದ್ರಿ ಜೋರಾಗಿ ಬೈದ್ಬುಟ್ಟೆ’ ಎಂದರು.

ಮೂವತ್ತಾರು ವರ್ಷ ನನ್ನನ್ನು ಆಡಿಕೊಂಡ ಹೆಂಗಸು, ತನ್ನ ಚೊಂಬನ್ನು ಅಟ್ಟದಲ್ಲಿ ರಾಗಿ ತುಂಬುವ ವಾಡೆಯ ಹಿಂದೆ ಬಚ್ಚಿಟ್ಟಿದ್ದಳು! ಬೋರಲಿಂಗಯ್ಯ ಹಳೇ ಸಾಮಾನು ಕೇಳಿಕೊಂಡು ಬಂದಾಗ, ‘ಯಾರು ಕೊಟ್ರು ಅಂತ ನಮ್ಮ ಸೊಸೆಗೆ ಹೇಳ್ಬ್ಯಾಡ’ ಎಂದು ಸೆರಗಿನಡಿ ತಂದು ಕೊಟ್ಟಿದ್ದಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನಾನೂ ಎರಡು ದಿನ ಚೆನ್ನಾಗಿ ಆಡಿಕೊಂಡೆ. ಆದರೆ ನಿಜ ಹೇಳಲಾ? ಅಷ್ಟು ವರ್ಷದಲ್ಲಿ ಅವರು ನನಗೆ ಅಮ್ಮನ ಹಾಗೆ ಕಂಡದ್ದು ಆ ಸಂಜೆಯೇ.

ನಮ್ಮನೆಯವರು ಚೆನ್ನಾಗಿದ್ದಾರೆ. ಒಂದು ಕಣ್ಣು ಹೋದದ್ದು ಹೋಯಿತು. ಉಳಿದ ಕಣ್ಣಲ್ಲಿ ಸಾರಿನಲ್ಲಿ ಉಪ್ಪು ಕಮ್ಮಿ ಇರುವುದೂ ಅವರಿಗೆ ಕಾಣುತ್ತದೆ. ಮಗ ಅನಂತರಾಜು ಬಿಡದಿಯ ಕಾರ್ಖಾನೆಗೆ ಹೋಗುತ್ತಾನೆ, ಕಂಪನಿ ಬಸ್ಸು ಬಾಗಿಲಿಗೇ ಬರುತ್ತದೆ. ಈಗ ಊರು ಎದ್ದೇಳುವುದು, ಮಲಗುವುದು ಎಲ್ಲ ಆ ಬಸ್ಸಿನ ಹಾರ್ನಿಗೆ. ಹೆಬ್ಬಂಡೆಯ ಗುಂಡಿಯಲ್ಲಿ ನೀರು ನಿಂತಿದೆ, ಹಸಿರು ಬಣ್ಣ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೋರಲಿಂಗಯ್ಯ ತಪ್ಪು ಒಪ್ಪಿಕೊಂಡ. ಸೈರನ್ನಿನ ಕಾರ್ಡು ತೆಗೆದುಬಿಟ್ಟ. ‘ಆ ಕೂಗು ಎಂಗಿತ್ತು ಅಂತ ಈಗಿನ ಮಕ್ಳಿಗೆ ಬರ್ದು ತೋರ್ಸಕ್ಕಾಯ್ತದಾ? ಅಕ್ಬರಮ್ಮನ್ನೇ ಕರ್ಸಿ, ಒಂದ್ಸಲ ಬಂಡೆ ಮೇಲೆ ನಿಂತು ಕೂಗ್ಲಿ. ಬಂದ್ರು ಅಂತ ಒಂದ್ಸಲ, ಹೊಂಟ್ರು ಅಂತ ಒಂದ್ಸಲ’ ಎನ್ನುತ್ತಾನೆ. ಬಾ ಅಕ್ಕ. ಅಮೀರಣ್ಣನನ್ನೂ ಕರೆದುಕೊಂಡು ಬಾ. ನಮ್ಮನೆಯವರಿಗೆ ಅಣ್ಣನ ಹತ್ತಿರ ಏನೋ ಮಾತಾಡಬೇಕಂತೆ. ಏನು ಎಂದರೆ ನನಗೆ ಹೇಳುವುದಿಲ್ಲ.

ನಿನ್ನ
ಲಚ್ಚಿ


ಚನ್ನಪಟ್ಟಣ
20-1-2008

ಲಚ್ಚಿ,

ಸಿದ್ದಮ್ಮನವರ ಕಥೆ ಓದಿ ನಕ್ಕೆ. ಉಳಿದದ್ದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ನಮ್ಮ ಯಜಮಾನರು, ನಿಮ್ಮ ಅಮೀರಣ್ಣ, ಈಗ ಇಲ್ಲ. ಹೋಗಿ ಆರು ವರ್ಷವಾಯಿತು. ತಿಳಿಸಬೇಕಿತ್ತು. ಯಾವ ಮುಖ ಇಟ್ಟುಕೊಂಡು ತಿಳಿಸಲಿ ಎಂದು ಸುಮ್ಮನಾದೆ.

ಆವತ್ತು ಗಣಿಯಲ್ಲಿ ಇವರು ಐದು ಕುಳಿಗೆ ಮದ್ದು ತುಂಬಿದ್ದರು. ಯಾವಾಗಲೂ ಹಾಗೆಯೇ, ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಿಚುತ್ತಿದ್ದರು. ಐದೂ ಮಡಿಚಿದ ಮೇಲೆ ಮುಷ್ಟಿ ಎತ್ತಿ ನನಗೆ ತೋರಿಸುವರು. ಆವತ್ತೂ ತೋರಿಸಿದರು. ನಾನು ‘ನೆಂಟ್ರು ಹೊಂಟ್ರೂ’ ಎಂದು ಕೂಗಿದೆ. ಮರಿಯಣ್ಣ ಎಲ್ಲರಿಗಿಂತ ಮುಂದೆ ಹಾರೆ ಹಿಡಿದು ಹೊರಟ. ಅವರು ಎಣಿಸಿದ ಐದರಲ್ಲಿ ಒಂದು ಬೆಟ್ಟದ ಮಾರ್ದನಿ. ಒಬ್ಬ ನೆಂಟ ಇನ್ನೂ ಒಳಗೇ ಇದ್ದ.

ಮರಿಯಣ್ಣನನ್ನು ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿದರು, ನೀನೂ ಜೊತೆಗೆ ಹೋದೆ. ಇವರು ಊಟ ಬಿಟ್ಟರು. ತಿಂಗಳು ತುಂಬುವ ಮೊದಲೇ ಲಾರಿ ಹತ್ತಿ ಇಲ್ಲಿಗೆ ಬಂದುಬಿಟ್ಟೆವು. ನಿನಗೆ ಹೇಳದೆ ಬಂದದ್ದಲ್ಲ ಲಚ್ಚಿ. ಹೇಳಲು ಅಲ್ಲಿ ನೀನಿರಲಿಲ್ಲ, ಕಾಯಲು ನಮಗೆ ಧೈರ್ಯವಿರಲಿಲ್ಲ. ಇಲ್ಲಿ ಇವರು ಗೊಂಬೆಯ ಕೆಲಸ ಕಲಿತರು. ಇದ್ದಷ್ಟು ದಿನ ದೀಪಾವಳಿಯ ಪಟಾಕಿ ಹೊಡೆದರೂ ಅವರ ಬೆರಳು ತಾನಾಗಿ ಮಡಿಚಿಕೊಳ್ಳುತ್ತಿತ್ತು.

ಆ ದಿನದಿಂದ ‘ಹೊಂಟ್ರು’ ಎನ್ನುವ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಮನೆಗೆ ಬಂದವರು ಎದ್ದು ನಿಂತರೆ ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ. ಸೊಸೆಗೆ ಅದು ಬಿಂಕದ ಹಾಗೆ ಕಾಣುತ್ತದೆ. ಕಾಣಲಿ.

ಕಾರ್ಡಿನಲ್ಲಿ ಸೈರನ್ ಎಂದೇ ಇರಲಿ. ನನ್ನನ್ನು ಕರೆಯಬೇಡ.

ನಿನ್ನ
ಅಕ್ಬರಕ್ಕ


ಹೆಬ್ಬಂಡೆಪಾಳ್ಯ
24-2-2008

ಅಕ್ಬರಕ್ಕ,

ನಿನ್ನ ಪತ್ರವನ್ನು ನಮ್ಮನೆಯವರಿಗೆ ಓದಿ ಹೇಳಿದೆ. ಅಮೀರಣ್ಣನ ಸುದ್ದಿ ಕೇಳಿ ಅವರು ಎದ್ದು ಹಿತ್ತಲಿಗೆ ಹೋದರು. ಊಟಕ್ಕೆ ಕರೆದೆ, ಬರಲಿಲ್ಲ. ಎಷ್ಟೋ ದಿನ ಅವರು ಆ ವಿಷಯ ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಅದಕ್ಕೇ ಈ ಪತ್ರ ತಡವಾಯಿತು.

ಮೊನ್ನೆ ನುಗ್ಗೆಕಾಯಿ ಕೀಳುತ್ತಾ ಇದ್ದವರು ತಾವಾಗಿ ಮಾತು ತೆಗೆದರು. ಅವರು ಹೇಳಿದ್ದನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತೇನೆ, ನನ್ನದೊಂದು ಮಾತೂ ಸೇರಿಸುವುದಿಲ್ಲ.

‘ಆವತ್ತು ನಾನೂ ಎಣಿಸ್ದೆ ಕಣಮ್ಮಿ. ನಂಗೂ ಐದೇ ಕೇಳುಸ್ತು. ಬೆಟ್ಟ ಸುಳ್ಳು ಹೇಳ್ತು, ನಾವಿಬ್ರೂ ನಂಬುದ್ವಿ. ಅಮೀರಣ್ಣ ಒಬ್ನೇ ಅಲ್ಲ. ಇದ್ನ ಅವನ್ಗೆ ಹೇಳ್ಬೇಕು ಹೇಳ್ಬೇಕು ಅಂತ ಇಷ್ಟು ವರ್ಷ ಅಂದ್ಕತಿದ್ದೆ. ಎರಡು ಸಲ ಚನ್ನಪಟ್ಣದ ಬಸ್‌ಸ್ಟ್ಯಾಂಡ್‌ಗಂಟ ಹೋಗಿ ವಾಪಸ್ ಬಂದೆ. ಈ ಮುಖ ಹೊತ್ಕೊಂಡು ಅವನ ಎದ್ರುಗೆ ಹೋಗಿ ನಿಂತ್ರೆ, ನಾನು ಬಾಯ್ ಬುಡಕ್ಕೂ ಮುಂಚೆ ಬೈದಂಗೆ ಆಗೋಯ್ತದಲ್ಲ ಅನ್ನುಸ್ತು.’

ನನಗೂ ಇದು ಗೊತ್ತಿರಲಿಲ್ಲ ಅಕ್ಕ. ಬೈರಾಪಟ್ಟಣಕ್ಕೆ ಹೋಗಿ ಬರುತ್ತೇನೆ ಎಂದು ಹೇಳಿ ಹೋಗುತ್ತಿದ್ದರು.

ಅಕ್ಬರಕ್ಕನಿಗೆ ಏನು ಬರೆಯಲಿ ಎಂದು ಕೇಳಿದೆ. ‘ಅವ್ಳು ಕೂಗಿದ್ದು ಸರ್ಯಾಗೇ ಐತೆ. ನೆಂಟ್ನೇ ಒಬ್ಬ ಮೊಂಡ, ಹೊಂಡ್ಲಿಲ್ಲ. ಅದಕ್ಕೆ ಅವ್ಳೇನ್ ಮಾಡಾಳು?’ ಎಂದರು.

ಇಲ್ಲಿಗೆ ಅವರ ಮಾತು ಮುಗಿಯಿತು. ಈಗ ನನ್ನದು. ಸೈರನ್ ಎಂದೇ ಇರಲಿ ಅಂತೀಯಲ್ಲ, ಆ ಸೈರನ್ ಯಾರನ್ನು ಗೋಡೆಗೆ ಒತ್ತಿ ಹಿಡಿದು ಉಳಿಸಿತ್ತು? ನೀನು ಕೂಗಿದ್ದಕ್ಕೆ ಒಳಗೆ ಓಡಿದ ಸಾಲುಮನೆಯ ಮಕ್ಕಳೆಲ್ಲ ಇವತ್ತು ಕೈಕಾಲು ನೆಟ್ಟಗಿಟ್ಟುಕೊಂಡು ಕಾರ್ಖಾನೆ ಬಸ್ಸು ಹತ್ತುತ್ತಿದ್ದಾರೆ. ಅದನ್ನು ಯಾವ ಗಾಜಿನ ಹಿಂದೆ ಇಡುವುದು? ಒಂದು ದಿನದ ಕೂಗನ್ನು ಹಿಡಿದುಕೊಂಡು ಅಷ್ಟು ವರ್ಷದ ಕೂಗನ್ನು ಗುಂಡಿಗೆ ಹಾಕುತ್ತೀಯಲ್ಲ, ಇದು ನ್ಯಾಯವಾ?

ಬೋರಲಿಂಗಯ್ಯನಿಗೆ ನಮ್ಮನೆಯವರು ಹೇಳಿ ಬಂದಿದ್ದಾರೆ. ಆ ಜಾಗದಲ್ಲಿ ಕಾರ್ಡು ಇಟ್ಟಿದ್ದಾನೆ, ಆದರೆ ಏನೂ ಬರೆದಿಲ್ಲ. ನೀನು ಬರುವವರೆಗೆ ಅದು ಖಾಲಿಯೇ ಇರುತ್ತದೆ. ಬಂದವರು ನನ್ನನ್ನು ಕೇಳಿದರೆ, ಇದು ಒಬ್ಬಳ ಮೊಂಡುತನ ಎಂದು ಹೇಳುತ್ತೇನೆ.

ನಿನ್ನ
ಲಚ್ಚಿ


ಚನ್ನಪಟ್ಟಣ
19-3-2008

ಲಚ್ಚಿ,

ಮರಿಯಣ್ಣ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದನೇ? ನಮ್ಮ ಮನೆ ಅಲ್ಲಿಂದ ಎಷ್ಟು ಮಹಾ ದೂರವಿತ್ತು! ಇವರಿಗೆ ಅದೊಂದು ಮಾತು ಕೇಳಿಸಿದ್ದರೆ ಸಾಕಾಗಿತ್ತು. ಗೋರಿಯ ಹತ್ತಿರ ಹೋಗಿ ಓದಿ ಹೇಳಿ ಬಂದೆ. ಜೋರಾಗಿಯೇ ಓದಿದೆನಂತೆ, ಮಗ ಹೇಳಿದ.

ಬರುತ್ತೇನೆ. ಯಾವ ದಿನ ಎಂದು ಬರೆಯುವುದಿಲ್ಲ, ಬರೆದರೆ ನೀನು ಊರೆಲ್ಲ ಸೇರಿಸುತ್ತೀಯ. ಬಂಡೆ ಹತ್ತು ಎನ್ನಬೇಡ, ಮೊಣಕಾಲು ಕೇಳುವುದಿಲ್ಲ. ‘ಹೊಂಟ್ರು’ ಎನ್ನು ಎಂದೂ ಹೇಳಬೇಡ.

ನಿನ್ನ
ಅಕ್ಬರಕ್ಕ


ಹೆಬ್ಬಂಡೆಪಾಳ್ಯ
16-4-2008

ಅಕ್ಬರಕ್ಕ,

ಊರು ಸೇರಿದ್ದೀಯ ಎಂದು ನಿನ್ನ ಮಗ ಫೋನು ಮಾಡಿ ಹೇಳಿದ. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊ.

ನೀನು ಬಂದ ದಿನ ಹೊರಗೆ ಏನಾಯಿತು ಎಂದು ನಿನಗೆ ಗೊತ್ತು. ಒಳಗೆ ಏನಾಯಿತು ಎಂದು ಗೊತ್ತಿಲ್ಲ. ಅವತ್ತಿನ ಗದ್ದಲದಲ್ಲಿ ನಿನ್ನ ಕಿವಿಗೆ ಕಿರುಚಿ ಹೇಳಲು ಆಗಲಿಲ್ಲ. ಕೂತು ಬರೆಯುತ್ತಿದ್ದೇನೆ.

ನಾನು ನಡುಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆ. ಅತ್ತೆ ಜಗಲಿಯ ಮಂಚದ ಮೇಲಿದ್ದರು, ನಮ್ಮನೆಯವರು ಅಂಗಳದಲ್ಲಿ ಗೇಟಿಗೆ ಬೆನ್ನು ಹಾಕಿ ಕೂತಿದ್ದರು. ಆಗ ಗೇಟಿನ ಹತ್ತಿರದಿಂದ ಕೂಗು ಬಂತು: ‘ನೆಂಟ್ರು ಬಂದ್ರೂ…’

ನಾನು ಯೋಚನೆ ಮಾಡಲಿಲ್ಲ ಅಕ್ಕ. ಯೋಚನೆ ಮಾಡಿದ್ದರೆ ಗೊತ್ತಾಗುತ್ತಿತ್ತು. ಹುಣಸೆಹಣ್ಣು ಚೆಲ್ಲಿ, ಸಿರಿಯ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಒಳಕೋಣೆಯ ಗೋಡೆಗೆ ಅಂಟಿಸಿ ನಿಲ್ಲಿಸಿದೆ. ನಮ್ಮನೆಯವರು ಅಂಗಳದಿಂದ ಓಡಿ ಬಂದು, ಅತ್ತೆಯ ಕೈ ಹಿಡಿದು ಒಳಗೆ ತಂದು, ಬಾಗಿಲು ಹಾಕಿ ಅಗುಳಿಯೂ ಜಡಿದರು. ಅತ್ತೆ ಎರಡು ಕಿವಿಗೂ ಬೆರಳಿಟ್ಟುಕೊಂಡು ಕಣ್ಣು ಮುಚ್ಚಿ ಕುಕ್ಕರುಗಾಲಿನಲ್ಲಿ ಕೂತರು. ಗಣಿ ಮುಚ್ಚಿ ಇಪ್ಪತ್ತು ವರ್ಷವಾಗಿದೆ! ನಾವು ನಾಲ್ಕು ಜನ ಉಸಿರು ಹಿಡಿದು ಸದ್ದಿಗೆ ಕಾಯುತ್ತಾ ನಿಂತಿದ್ದೇವೆ.

ಸಿರಿ ಕೇಳಿದಳು, ‘ಅಜ್ಜಿ, ನೆಂಟ್ರು ಬಂದ್ರೆ ಬಾಗ್ಲು ಹಾಕ್ಕೋತಾರಾ?’

ನಮ್ಮನೆಯವರು ನನ್ನ ಮುಖ ನೋಡಿದರು. ‘ಲೇ, ಅದು ಅಕ್ಬರಕ್ಕ ಕಣೇ!’ ಎಂದರು. ನಾನೇ ಹೋಗಿ ಅಗುಳಿ ತೆಗೆದೆ. ನೋಡಿದರೆ ಗೇಟಿನಲ್ಲಿ ನೀನು, ನನ್ನ ಚೊಂಬು ಹಿಡಿದುಕೊಂಡು, ಬಿಸಿಲಿನಲ್ಲಿ ಪಾಪದವಳ ಹಾಗೆ ನಿಂತಿದ್ದೀಯ. ಒಳಗೆ ಓಡಬೇಕಾದ ದಿನ ಹೊರಗೆ ಓಡಿದವಳು ನಾನು. ಹೊರಗೆ ಓಡಿ ಬಂದು ತಬ್ಬಿಕೊಳ್ಳಬೇಕಾದ ದಿನ ಒಳಗೆ ಓಡಿದೆ. ಈ ಜನ್ಮದಲ್ಲಿ ನಿನ್ನ ಕೂಗಿಗೆ ಒಂದು ಸಲವೂ ಸರಿಯಾಗಿ ಕಾಲು ಹಾಕಲಿಲ್ಲ ನೋಡು.

‘ಏನೇ ಲಚ್ಚಿ, ಕಾಲಿಗೆ ನೀರು ಕೊಡಕಿಲ್ವಾ?’ ಎಂದೆ ನೀನು. ಆ ಸೊಟ್ಟ ಚೊಂಬಿನಲ್ಲೇ ನೀರು ತಂದು ನಿನ್ನ ಕಾಲಿಗೆ ಹಾಕಿದೆ. ಮೂವತ್ತೇಳು ವರ್ಷದ ಹಿಂದೆ ತುಂಬಿಸಿಕೊಂಡು ಓಡಿದ ನೀರು ಈಗ ನೆಂಟರ ಕಾಲಿಗೆ ಮುಟ್ಟಿತು ಅನ್ನಿಸಿ ನನಗೆ ಅಳು ಬಂತು. ನೀನು ಅದನ್ನು ನೋಡಿಯೂ ನೋಡದ ಹಾಗೆ ಕಾಲುಬೆರಳು ಉಜ್ಜಿಕೊಂಡೆ.

ನಮ್ಮನೆಯವರ ಮುಖ ನೋಡಲು ನಿನಗೆ ಆಗಲಿಲ್ಲ. ಅವರು ಮೆಲ್ಲಗೆ ಏನೋ ಹೇಳಿದರು, ನಿನಗೆ ಕೇಳಲಿಲ್ಲ. ಮತ್ತೆ ಹೇಳಿದರು, ಆಗಲೂ ಇಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಕೊನೆಗೆ ಅವರು ಬೀದಿಗೆಲ್ಲ ಕೇಳುವ ಹಾಗೆ ಕಿರುಚಬೇಕಾಯಿತು: ‘ನಂಗೂ ಐದೇ ಕೇಳುಸ್ತು ಅಕ್ಬರಕ್ಕಾ! ಐದೇ!’ ಎದುರುಮನೆಯವರು ಏನೋ ಜಗಳ ಎಂದು ಓಡಿ ಬಂದರು. ನೀನು ತಲೆ ಎತ್ತಿ ಆ ಮುಚ್ಚಿದ ಕಣ್ಣಿನ ಮೇಲೆ ಕೈಯಿಟ್ಟೆ. ಆ ಕಣ್ಣನ್ನು ಅವರು ನನಗೂ ಮುಟ್ಟಲು ಬಿಟ್ಟಿರಲಿಲ್ಲ.

ಮ್ಯೂಸಿಯಂನಲ್ಲಿ ಎರಡು ಚೊಂಬೂ ಈಗ ಅಕ್ಕಪಕ್ಕ ಕೂತಿವೆ, ಅತ್ತೆಯದೂ ನನ್ನದೂ. ‘ಇದು ಕೂಗಿಗೆ ಓಡಿದ ಸೊಸೆಯರ ಚೊಂಬು’ ಎಂದು ಕಾರ್ಡು ಬರೆಸಿದ್ದು ಅತ್ತೆಯೇ. ಮೊನ್ನೆ ಹೋಗಿ, ತನ್ನದನ್ನು ಒಂದಿಷ್ಟು ಮುಂದಕ್ಕೆ ಸರಿಸಿ ಬಂದಿದ್ದಾರೆ.

ಸೈರನ್ನಿನ ಜಾಗದ ಖಾಲಿ ಕಾರ್ಡಿನಲ್ಲಿ ಬೋರಲಿಂಗಯ್ಯ ನಿನ್ನ ಹೆಸರು ಬರೆದು, ಕೆಳಗೆ ‘ನೆಂಟ್ರು ಬಂದ್ರು’ ಎಂದು ದಪ್ಪ ಅಕ್ಷರದಲ್ಲಿ ಬರೆದ. ‘ಇನ್ನೊಂದು ಕೂಗೂ ಬರೀಲಾ?’ ಎಂದು ನನ್ನನ್ನು ಕೇಳಿದ. ಬೇಡ ಎಂದೆ. ಕಲ್ಯದ ಬಸ್ಸು ಬಂದಾಗ ನೀನು ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದೆಯಲ್ಲ, ಎಲ್ಲಿ ಬಾಯಿ ತೆರೆಯುತ್ತೀಯೋ ಎಂದು ನಿನ್ನ ಮುಖವನ್ನೇ ನೋಡುತ್ತಾ ನಿಂತೆ. ನೀನು ಏನೂ ಅನ್ನದೆ ಒಳಗೆ ಹೋಗಿ ಕೂತೆ.

ನಮ್ಮ ಗಣಿಯ ಕಟ್ಟಳೆ ನಿನಗೆ ಗೊತ್ತಲ್ಲ. ಹೊಂಟ್ರು ಎಂದು ಕೂಗುವವರೆಗೆ ನೆಂಟರು ಇನ್ನೂ ಇಲ್ಲೇ ಇದ್ದಾರೆ ಎಂದೇ ಲೆಕ್ಕ. ನಾನು ಮಾತ್ರ ಈ ಸಲ ಬಾಗಿಲು ಹಾಕಿಕೊಂಡಿಲ್ಲ.

ನಿನ್ನ
ಲಚ್ಚಿ